ಗಿಡುಗದ ಜಗಳ, ಕಾಗೆಯ ಊಟ

ಡಾಕ್ಟರ ಹತ್ತಿರ ಜನ ಕಾಯಿಲೆ ಹೊತ್ತುಕೊಂಡು ಬರುತ್ತಾರೆ ಎಂದು ನಂಬಿ ನಾನು ಈ ವೃತ್ತಿಗೆ ಸೇರಿದ್ದು. ಮ್ಯಾಂಚೆಸ್ಟರಿನ ಆಚೆ, ಗುಡ್ಡದ ಬುಡದಲ್ಲಿರುವ ಹಳೇ ಹತ್ತಿಗಿರಣಿ ಊರೊಂದರಲ್ಲಿ ಜಿಪಿ, ಅಂದರೆ ಊರ ಡಾಕ್ಟರು, ಆಗಿ ಕೂತ ಮೇಲೆ ಗೊತ್ತಾಯಿತು, ಇಲ್ಲಿಯವರು ಕಾಯಿಲೆಯ ಜೊತೆ ಒಂದೊಂದು ಹಕ್ಕಿಯನ್ನೂ ಹೊತ್ತು ತರುತ್ತಾರೆ ಎಂದು. ಬೇರೆ ಡಾಕ್ಟರುಗಳನ್ನು ಮದುವೆ ಮನೆಯಲ್ಲಿ ಹಿಡಿದು ಮಂಡಿ ನೋವಿಗೆ ಮದ್ದು ಕೇಳುತ್ತಾರಂತೆ. ನನ್ನನ್ನು ತರಕಾರಿ ಅಂಗಡಿಯಲ್ಲಿ ಹಿಡಿದು ಗಿಡುಗದ ಬಗ್ಗೆ ಅಭಿಪ್ರಾಯ ಕೇಳುತ್ತಾರೆ. ನನಗೆ ಗುರುತು ಸಿಗುವ ಹಕ್ಕಿಗಳು ಕಾಗೆ, ಗುಬ್ಬಿ, ಗಿಳಿ ಮಾತ್ರ. ಅದರಲ್ಲೂ ಗಿಳಿ ಪಂಜರದಲ್ಲಿದ್ದರೆ. ಆದರೂ ಈ ಹಕ್ಕಿಗಳ ರಾಜಕೀಯ ನನ್ನ ಬೆನ್ನು ಬಿಟ್ಟಿಲ್ಲ.

೧. ಮೂವರು, ಒಂದೇ ಬಿಪಿ

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ಕ್ಲಿನಿಕ್ಕಿಗೆ ಮೂರು ಜನ ತಪ್ಪದೆ ಬರುತ್ತಿದ್ದರು.

ಮೊದಲನೆಯವನು ಗೇಮ್‌ಕೀಪರ್. ಗುಡ್ಡದ ಮೇಲಿನ ಎಸ್ಟೇಟಿನಲ್ಲಿ ಗ್ರೌಸ್ ಎಂಬ ಕಾಡುಕೋಳಿಗಳನ್ನು ವರ್ಷವಿಡೀ ಮಕ್ಕಳಂತೆ ಕಾಪಾಡುವುದು ಅವನ ಕೆಲಸ. ಯಾಕೆ ಕಾಪಾಡಬೇಕು ಅಂದರೆ, ಆಗಸ್ಟ್ ಬಂದಾಗ ದೊಡ್ಡ ಮನುಷ್ಯರು ಬಂದು ಅವಕ್ಕೆ ಗುಂಡು ಹೊಡೆಯಬೇಕು. ಅದಕ್ಕೆ ಮುಂಚೆ ಗಿಡುಗ ತಿಂದುಬಿಟ್ಟರೆ ಅದು ಅನ್ಯಾಯ. ಎರಡನೆಯವನು ಗಿರಣಿಯಿಂದ ರಿಟೈರಾದ ಫಿಟ್ಟರ್, ಈಗ ಪಂದ್ಯದ ಪಾರಿವಾಳ ಸಾಕುತ್ತಾನೆ. ಫ್ರಾನ್ಸಿನಲ್ಲಿ ಬಿಟ್ಟರೆ ಇಂಗ್ಲೆಂಡಿನ ಮನೆ ಹುಡುಕಿಕೊಂಡು ಬರುವ ಪಾರಿವಾಳ, ಮನೆಯ ಹೆಂಚು ಕಾಣುವಷ್ಟು ಹತ್ತಿರ ಬಂದಾಗ ಗಿಡುಗದ ಬಾಯಿಗೆ ಬೀಳುತ್ತದೆ ಎಂಬುದು ಅವನ ಸಂಕಟ. ಮೂರನೆಯವರು ನಿವೃತ್ತ ಸ್ಕೂಲ್ ಟೀಚರ್, ಊರಿನ ಹಕ್ಕಿ ರಕ್ಷಣಾ ಸಂಘದ ಅಧ್ಯಕ್ಷೆ. ಗಿಡುಗದ ಮೈಮೇಲಿನ ಒಂದು ಗರಿ ಕೊಂಕಿದರೂ ಪೊಲೀಸರಿಗೆ ಫೋನ್ ಮಾಡುವವರು.

ಮೂವರಿಗೂ ರಕ್ತದೊತ್ತಡ. ಮೂವರಿಗೂ ಅದು ಏರುವುದು ಉಳಿದ ಇಬ್ಬರನ್ನು ಕಂಡಾಗ. ನಮ್ಮ ರಿಸೆಪ್ಷನಿಸ್ಟ್ ಜಾಣೆ. ಇವರಿಗಾಗಿಯೇ ಬೇರೆ ಸಮಯಪಟ್ಟಿ ಹಾಕಿ, ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಬಸ್ ಹತ್ತಿರುವಂತೆ ನೋಡಿಕೊಳ್ಳುತ್ತಿದ್ದರು. ಒಂದು ಸೋಮವಾರ ಅವರು ರಜೆ ಹಾಕಿದರು. ಬದಲಿಗೆ ಬಂದ ಹುಡುಗಿ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದಳು.

ನಾನು ಒಳಗೆ ಒಬ್ಬರ ಗಂಟಲು ನೋಡುತ್ತಿದ್ದೆ. ಹೊರಗೆ ಮೂರು ಗಂಟಲು ಕೇಳಿಸಿತು. ಓಡಿ ಹೋಗಿ ನೋಡಿದರೆ ಪಾರಿವಾಳದವನು ಗಿಡುಗದಂತೆ ತೋಳು ಚಾಚಿ ನಿಂತಿದ್ದಾನೆ, ಟೀಚರು ಕೊಡೆ ಎತ್ತಿದ್ದಾರೆ, ಕೀಪರ್ ಟೋಪಿ ನೆಲಕ್ಕೆ ಬಡಿಯುತ್ತಿದ್ದಾನೆ. ನೆಗಡಿಗೆ ಬಂದಿದ್ದ ಉಳಿದ ರೋಗಿಗಳು ಸೀನುವುದನ್ನೂ ಮರೆತು ನೋಡುತ್ತಿದ್ದರು.

ಟೀಚರು ನನ್ನ ಕಡೆ ತಿರುಗಿ, "ಡಾಕ್ಟರ್, ನೀವೇ ಹೇಳಿ. ನೀವು ಯಾರ ಕಡೆ?" ಎಂದರು.

ಮೂವರೂ ನನ್ನ ಮುಖ ನೋಡಿದರು. ಮೂವರೂ ನನ್ನ ರೋಗಿಗಳು. ನನ್ನ ತಲೆಗೆ ಹೊಳೆದದ್ದು ಒಂದೇ ಮಾತು.

"ನಾನು ಸಸ್ಯಾಹಾರಿ."

ಮೂವರೂ ಒಂದು ಗಳಿಗೆ ಯೋಚಿಸಿದರು. ಆಮೇಲೆ ಮೂವರೂ "ನೋಡಿದ್ರಾ, ನಾನು ಹೇಳಿದ್ದೂ ಅದೇ!" ಎಂದು ಒಬ್ಬರಿಗೊಬ್ಬರು ಕೈ ತೋರಿಸಿಕೊಂಡು ಕೂತರು.

೨. ಪಕ್ಕದ ಮನೆಯ ಗರುಡ

ಕ್ಲಿನಿಕ್ ಅಲ್ಲಿದ್ದರೂ ನಮ್ಮ ಮನೆ ಡಿಡ್ಸ್‌ಬರಿಯಲ್ಲಿ. ಅಲ್ಲಿಗಾದರೂ ಹಕ್ಕಿಗಳ ಕಾಟ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಆ ಬೇಸಿಗೆಯಲ್ಲಿ ಮೈಸೂರಿನಿಂದ ನಮ್ಮ ಅತ್ತೆ ಬಂದರು. ಮಾವ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಒಬ್ಬರೇ ಇದ್ದು ಮಂಕಾಗಿದ್ದಾರೆ, ಆರು ತಿಂಗಳು ಇಲ್ಲಿರಲಿ ಎಂದು ನನ್ನ ಹೆಂಡತಿಯೇ ಹಟ ಮಾಡಿ ಕರೆಸಿದ್ದಳು.

ಬಂದ ವಾರದಲ್ಲೇ ಅತ್ತೆ ಬೆಳಗಿನ ಕಾಫಿ ಹಿಡಿದು ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು. "ಏ, ಬನ್ನಿ ಬೇಗ! ಗರುಡ ದರ್ಶನ! ಅದೂ ಶನಿವಾರ!"

ಪಕ್ಕದ ಮನೆಯ ಚಿಮಣಿಯ ಮೇಲೆ ಕಂದು ಬಣ್ಣದ ಗಿಡುಗವೊಂದು ಎದೆ ಸೆಟೆದು ಕೂತಿತ್ತು. ಅತ್ತೆ ಗಲ್ಲ ಗಲ್ಲ ತಟ್ಟಿಕೊಂಡರು. ನನ್ನ ಕೈಯಲ್ಲೂ ತಟ್ಟಿಸಿದರು. ಅಂದಿನಿಂದ ಅದು ನಿತ್ಯದ ಪೂಜೆಯಾಯಿತು. ಮಳೆ ಬರಲಿ, ಮಂಜು ಬೀಳಲಿ, ಗರುಡ ಅಲ್ಲೇ ಇರುತ್ತಿದ್ದ, ಅತ್ತೆ ಇಲ್ಲಿರುತ್ತಿದ್ದರು. ಮೈಸೂರಿಗೆ ಫೋನ್ ಮಾಡಿ ತಂಗಿಗೆ, "ಅಲ್ಲಿ ಗರುಡ ನೋಡ್ಬೇಕಾದ್ರೆ ಕತ್ತು ನೋಯೋ ತನಕ ಕಾಯ್ಬೇಕು ಕಣೇ. ಇಲ್ಲಿ ನಮ್ಮ ಟೈಮಿಗೆ ಸರಿಯಾಗಿ ಬಂದು ಕೂತಿರುತ್ತೆ. ಈ ದೇಶದ ಶಿಸ್ತೇ ಶಿಸ್ತು" ಎಂದು ಹೊಗಳಿದರು.

ಅನುಮಾನ ಬಂದದ್ದು ನನ್ನ ಮಗಳಿಗೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೇಲಿನ ಕಿಟಕಿಯಿಂದ ದುರ್ಬೀನು ಹಿಡಿದು ನೋಡಿದವಳು ಇಳಿದು ಬಂದು, "ಅಜ್ಜೀ, ಇಟ್ಸ್ ಪ್ಲಾಸ್ಟಿಕ್" ಎಂದಳು.

ನಿಜವೇ. ಪಾರಿವಾಳಗಳು ಚಿಮಣಿಯ ಮೇಲೆ ಕೂತು ಹೊಲಸು ಮಾಡುತ್ತವೆಂದು ಪಕ್ಕದ ಮನೆಯಾತ ಬೆದರುಗೊಂಬೆಯಾಗಿ ಅದನ್ನು ತಂದು ತಂತಿಯಲ್ಲಿ ಕಟ್ಟಿದ್ದನಂತೆ. ಅತ್ತೆಗೆ ಎಷ್ಟು ಬೇಜಾರಾಗುತ್ತದೋ ಎಂದು ನನಗೆ ಹೆದರಿಕೆ. ಮೆಲ್ಲಗೆ, "ಅತ್ತೆ, ಅದು ಬರೀ ಗೊಂಬೆ ಅಂತೆ" ಎಂದೆ.

ಅತ್ತೆ ಕಾಫಿ ಲೋಟ ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಲ್ಲ ಅಳಿಯಂದಿರೇ, ದೇವಸ್ಥಾನದಲ್ಲಿರೋ ಗರುಡ ಏನು ಹಾರಾಡ್ಕೊಂಡಿರುತ್ತಾ?"

ಮರುದಿನವೂ ಗಲ್ಲ ತಟ್ಟಿಕೊಂಡರು.

೩. ಅಧ್ಯಕ್ಷರ ಭಾಷಣ

ಅಷ್ಟರಲ್ಲಿ ನಮ್ಮ ಕ್ಲಿನಿಕ್ಕಿನ ಊರಲ್ಲಿ ದೊಡ್ಡ ಗಲಾಟೆ ಎದ್ದಿತು. ಮುಚ್ಚಿಹೋದ ಗಿರಣಿಯ ಎತ್ತರದ ಚಿಮಣಿಯ ಮೇಲೆ ಪೆರೆಗ್ರಿನ್ ಗಿಡುಗದ ಜೋಡಿಯೊಂದು ಗೂಡು ಕಟ್ಟಿತು. ಈ ಹಕ್ಕಿಯ ಗೂಡನ್ನು ಮುಟ್ಟುವುದು ಕಾನೂನಿಗೆ ವಿರುದ್ಧ. ಆದರೆ ಆ ಚಿಮಣಿಯ ಎದುರು ಬೀದಿಯಲ್ಲೇ ಪಾರಿವಾಳದವರ ಗೂಡುಗಳೂ ಇದ್ದವು. ಅಂದರೆ ಗಿಡುಗಕ್ಕೆ ಮನೆ ಬಾಗಿಲಲ್ಲೇ ಹೋಟೆಲು. ಗೂಡು ತೆಗೆಸಬೇಕೆಂದು ಒಂದು ಕಡೆಯವರು, ಕಾವಲು ಹಾಕಬೇಕೆಂದು ಇನ್ನೊಂದು ಕಡೆಯವರು. ಚರ್ಚಿನ ಹಾಲ್‌ನಲ್ಲಿ ಸಭೆ ಕರೆದರು. ಅಧ್ಯಕ್ಷತೆಗೆ ಎರಡೂ ಕಡೆಯವರು ಒಪ್ಪುವ ಮನುಷ್ಯ ಊರಲ್ಲಿ ಒಬ್ಬನೇ ಇದ್ದ, ಆ ಸಸ್ಯಾಹಾರಿ ಡಾಕ್ಟರು.

ಮನೆಯಲ್ಲಿ ಒಬ್ಬರೇ ಕೂತು ಬೇಸರ ಎಂದು ಅತ್ತೆಯೂ ಹೊರಟರು. ಶಾಲು ಹೊದ್ದು ಮುಂದಿನ ಸಾಲಿನಲ್ಲೇ ಕೂತರು.

ಪಾರಿವಾಳದವನು ಎದ್ದು ಮೈಕ್ ಹಿಡಿದ. ಮಾತಾಡುತ್ತಾ ಆಡುತ್ತಾ ಕಾವೇರಿದ. "ಇವು ಎಲ್ಲಿಂದಲೋ ಬಂದವು! ನಾವು ತಲೆತಲಾಂತರದಿಂದ ಇರೋ ಊರಲ್ಲಿ ಬಂದು ಮನೆ ಮಾಡ್ಕೊಂಡವು! ಮರಿ ಹಾಕಿ ಸಂಸಾರ ಬೆಳೆಸಿದವು! ಏನಾದ್ರೂ ಅಂದ್ರೆ ಸರ್ಕಾರ ಅವುಗಳ ಕಡೆಗೇ! ಇನ್ನು ಸ್ವಲ್ಪ ದಿನಕ್ಕೆ ನಮ್ಮ ಊರಲ್ಲಿ ನಮ್ಮವೇ ಇರಲ್ಲ, ಅವೇ ಇರ್ತವೆ..."

ಇಷ್ಟು ಹೇಳಿ ವೇದಿಕೆಯ ಕಡೆ ತಿರುಗಿದವನಿಗೆ ನಾನು ಕಂಡೆ. ಅವನ ಮುಖ ಟೊಮೇಟೊ ಆಯಿತು. "ಡಾಕ್ಟರ್, ದೇವರಾಣೆಗೂ, ನಾನು ಹಕ್ಕಿ ಬಗ್ಗೆ ಮಾತ್ರ ಹೇಳಿದ್ದು" ಎಂದು ತೊದಲಿದ.

ನನಗೆ ಒಳಗೇ ಚುರ್ ಎಂದದ್ದು ಸುಳ್ಳಲ್ಲ. ಆದರೆ ಅವನ ಒದ್ದಾಟ ನೋಡಿ ನಗು ತಡೆಯಲಾಗಲಿಲ್ಲ. ಎದ್ದು ನಿಂತು, "ಪರವಾಗಿಲ್ಲ ಕೂತ್ಕೊಳ್ಳಿ. ಗಿಡುಗಕ್ಕೂ ನನಗೂ ಬಹಳ ವ್ಯತ್ಯಾಸ ಇದೆ. ಅದು ಮನೆ ಸಾಲದ ಕಂತು ಕಟ್ಟಲ್ಲ" ಎಂದೆ.

ಹಾಲ್ ಬಿದ್ದು ಬಿದ್ದು ನಕ್ಕಿತು. ನಕ್ಕು ಮುಗಿದ ತಕ್ಷಣ ಮತ್ತೆ ಜಗಳ ಶುರು. ಕುರ್ಚಿ ಸರಿದವು, ಟೀಚರ ಕೊಡೆ ಮೇಲೆದ್ದಿತು, ಕೀಪರ್ ಟೋಪಿ ಬಡಿದ. ಏನೂ ತೀರ್ಮಾನವಾಗದೆ ಸಭೆ ಮುಗಿಯಿತು.

ಕಾರಿನಲ್ಲಿ ಅತ್ತೆಯ ಮುಖ ನೋಡುತ್ತೇನೆ, ಬಂದ ಮೇಲೆ ಮೊದಲ ಸಲ ಇಷ್ಟು ಅರಳಿದೆ. "ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೂ ಎಷ್ಟು ಚೆನ್ನಾಗಿ ಜಗಳ ಆಡಿದ್ರು! ನಿಮ್ಮ ಮಾವ ಇರ್ಬೇಕಿತ್ತು" ಎಂದರು.

ನಮ್ಮ ಮಾವನ ವಿಷಯ ಇಲ್ಲಿ ಹೇಳಿಬಿಡಬೇಕು. ಅವರು ಯಾರೊಡನೆಯೂ ಜಗಳವಾಡಿದವರಲ್ಲ. ಆದರೆ ಊರಲ್ಲಿ ಎಲ್ಲೇ ಜಗಳವಾದರೂ ನೋಡದೆ ಬಿಟ್ಟವರಲ್ಲ. ಒಮ್ಮೆ ಬಿಸಿ ಬಿಸಿ ಹುಳಿಯನ್ನ ಕಲಸಿಕೊಂಡವರು, ಬೀದಿಯಲ್ಲಿ ಸೊಪ್ಪಿನವಳಿಗೂ ಆಟೋದವನಿಗೂ ಮಾತು ಹತ್ತಿದ್ದು ಕೇಳಿ ಎಂಜಲು ಕೈಯಲ್ಲೇ ಹೊರಗೆ ಓಡಿದ್ದರು. ಅರ್ಧ ಗಂಟೆಯ ನಂತರ ಬಂದು, "ಇಬ್ಬರದೂ ತಪ್ಪಿದೆ" ಎಂದು ಹೇಳಿ, ಒಣಗಿದ ಅನ್ನವನ್ನು ತೃಪ್ತಿಯಾಗಿ ಉಂಡರಂತೆ. ಅದನ್ನು ಹೇಳುತ್ತಾ ಹೇಳುತ್ತಾ ಅತ್ತೆ ನಕ್ಕರು, ನಗುತ್ತಲೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

೪. ಇಲ್ಲದ ಹಕ್ಕಿ

ಇದು ಚಿಕ್ಕದು. ಹೆನ್ ಹ್ಯಾರಿಯರ್ ಎಂಬ ಇನ್ನೊಂದು ಗಿಡುಗವಿದೆ. ಅದು ಗ್ರೌಸ್ ಮರಿಗಳನ್ನು ತಿನ್ನುತ್ತದೆ. ಕೀಪರ್ ಬಿಪಿ ತೋರಿಸಲು ಬಂದಾಗ, "ನಿಮ್ಮ ಗುಡ್ಡದಲ್ಲಿ ಹ್ಯಾರಿಯರ್ ಇದೆಯಾ?" ಎಂದು ಸುಮ್ಮನೆ ಕೇಳಿದೆ.

"ಒಂದೂ ಇಲ್ಲ ಡಾಕ್ಟರ್. ಹಾಗಾದ್ಮೇಲೆ ನಾನು ಅದಕ್ಕೇನು ಮಾಡೋಕೆ ಸಾಧ್ಯ?" ಎಂದ.

ಮಧ್ಯಾಹ್ನ ಟೀಚರು ಬಂದರು. ಅವರನ್ನೂ ಕೇಳಿದೆ.

"ಒಂದೂ ಇಲ್ಲ ಡಾಕ್ಟರ್. ಅವನು ಏನೋ ಮಾಡ್ತಿದ್ದಾನೆ ಅನ್ನೋಕೆ ಇನ್ನೇನು ಬೇಕು?" ಎಂದರು.

ಇಬ್ಬರೂ ಒಪ್ಪಿಕೊಂಡಿದ್ದು ಅದೊಂದೇ ವಿಷಯ. ಅದನ್ನು ಇಬ್ಬರಿಗೂ ಹೇಳಿದೆ. ಇಬ್ಬರ ಬಿಪಿಯೂ ಏರಿತು.

೫. ಕಾಗೆ ಮುಟ್ಟಲಿಲ್ಲ

ಮಾವನ ವರ್ಷದ ತಿಥಿ ಒಂದು ಶನಿವಾರ ಬಂತು. ಅವರಿಗೆ ಗಂಡು ಮಕ್ಕಳಿಲ್ಲವಾದ್ದರಿಂದ ಪಿಂಡ ಇಡುವುದು ಅಳಿಯನಾದ ನನ್ನ ಪಾಲಿಗೆ. ಬರ್ಮಿಂಗ್‌ಹ್ಯಾಮ್‌ನಿಂದ ಬರಬೇಕಿದ್ದ ಪುರೋಹಿತರು ಮೋಟರ್‌ವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಕಾರು ಬದಿಗೆ ಹಾಕಿ ಫೋನಿನಲ್ಲೇ ಮಂತ್ರ ಹೇಳಿದರು. ಎಲ್ಲ ಸಾಂಗವಾಗಿ ನಡೆಯಿತು. ಕೊನೆಗೆ ಕಾಗೆಗೆಂದು ಅನ್ನ, ವಡೆ, ಪಾಯಸ ಎಲೆಯಲ್ಲಿ ಹಾಕಿ ಹಿತ್ತಲ ಗೋಡೆಯ ಮೇಲಿಟ್ಟೆ. ಕಾಗೆ ಮುಟ್ಟಿದ ಮೇಲೆ ನಮ್ಮ ಊಟ.

ಕಾಗೆ ಬರಲಿಲ್ಲ.

ಮೈಸೂರಿನಲ್ಲಾದರೆ ಎಲೆ ಇಡುವ ಮೊದಲೇ ಕಾಗೆಗಳು ಕ್ಯೂ ನಿಂತಿರುತ್ತವೆ. ಇಲ್ಲಿ ನಾನು ಟೈ ಕಟ್ಟುವ ಡಾಕ್ಟರು, ಪಂಚೆಯುಟ್ಟು ಗೋಡೆಯ ಪಕ್ಕ ನಿಂತು "ಕಾ ಕಾ ಕಾ" ಎಂದು ಕೂಗಿದೆ. ಪಕ್ಕದ ಮನೆಯಾತ ಕಿಟಕಿ ತೆರೆದು ನೋಡಿ, ಮೆಲ್ಲಗೆ ಮುಚ್ಚಿಕೊಂಡ. ಮ್ಯಾಗ್‌ಪೈ ಎಂದು ಇಲ್ಲಿಯವರು ಕರೆಯುವ ಹಕ್ಕಿಯೊಂದು ಬಂತು. ಅರ್ಧ ಕಪ್ಪು, ಅರ್ಧ ಬಿಳಿ. "ಅರ್ಧ ಕಾಗೆ ಆಗಲ್ಲ" ಎಂದು ಅತ್ತೆ ಓಡಿಸಿದರು. ಅಳಿಲೊಂದು ಬಂದು ವಡೆ ಎತ್ತಿಕೊಂಡು ಹೋಯಿತು. ಇನ್ನೊಂದು ವಡೆ ಇಟ್ಟೆ.

ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅತ್ತೆಯ ಮುಖ ಸಣ್ಣದಾಗುತ್ತಾ ಬಂತು. ನನ್ನ ಹೆಂಡತಿ ಆಕಾಶ ನೋಡಿ, "ಅಪ್ಪಾ, ಅಮ್ಮನ್ನ ಚೆನ್ನಾಗಿ ನೋಡ್ಕೋತೀವಿ" ಎಂದಳು. ಕಾಗೆ ಇಲ್ಲ. ನಾನು, "ಮಾವ, ನಿಮ್ಮ ಮೊಮ್ಮಗಳಿಗೆ ಕನ್ನಡ ಮಾತಾಡೋಕೆ ಕಲಿಸ್ತೀನಿ" ಎಂದೆ. ಮಗಳು ಒಳಗಿನಿಂದ, "ಡ್ಯಾಡ್, ಡೋಂಟ್ ಪ್ರಾಮಿಸ್ ದಟ್!" ಎಂದು ಕಿರುಚಿದಳು. ಕಾಗೆ ಇಲ್ಲ.

"ನನ್ನ ಮೇಲೇ ಕೋಪ ಅವರಿಗೆ. ವರ್ಷದ ತಿಥಿಗೆ ಮನೆ ಬಿಟ್ಟು ಇಷ್ಟು ದೂರ ಬಂದುಬಿಟ್ಟೆ ಅಂತ" ಎಂದು ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹನಿ ನೀರು ಕುಡಿಯುವುದಿಲ್ಲ ಎಂದರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಗಿನಿಂದ ಉಪವಾಸ. ಕೈ ನಡುಗಲು ಶುರುವಾಗಿತ್ತು. ನನಗೆ ನಿಜವಾಗಿ ಗಾಬರಿಯಾಯಿತು. ಡಾಕ್ಟರಾಗಿ ಗ್ಲೂಕೋಸ್ ಕೊಡಬಲ್ಲೆ, ಕಾಗೆಯನ್ನು ಎಲ್ಲಿಂದ ತರಲಿ?

ಆಗ ಹೊಳೆದದ್ದು ಗೇಮ್‌ಕೀಪರ್. ಫೋನ್ ಮಾಡಿದೆ.

ವಿಷಯ ಹೇಳಿದೆ. "ಡಾಕ್ಟರ್, ಕಾಗೆ ಓಡಿಸು ಅನ್ನೋವ್ರನ್ನ ನೋಡಿದ್ದೀನಿ. ಕರೆಸು ಅಂದಿದ್ದು ನೀವೇ ಮೊದಲು. ಇರಿ, ಬಂದೆ" ಎಂದ.

ಗುಡ್ಡದಲ್ಲಿ ಗ್ರೌಸ್ ಮೊಟ್ಟೆ ಕದಿಯುವ ಕಾಗೆಗಳನ್ನು ಹಿಡಿಯಲು ಕೀಪರ್‌ಗಳು ಒಂದು ಜೀವಂತ ಕಾಗೆಯನ್ನೇ ಪಂಜರದಲ್ಲಿ ಇಟ್ಟಿರುತ್ತಾರೆ. ಅದು ಕೂಗಿದರೆ ಸುತ್ತಲಿನ ಕಾಗೆಗಳು, ನಮ್ಮ ಜಾಗಕ್ಕೆ ಬಂದು ಕೂತವನು ಯಾರು ಎಂದು ಜಗಳಕ್ಕೆ ಬರುತ್ತವೆ. ಅವನು ಆ ಪಂಜರವನ್ನೇ ವ್ಯಾನಿನಲ್ಲಿ ಹಾಕಿಕೊಂಡು ಬಂದ. ಜೊತೆಗೆ, ಪಬ್ಬಿನಲ್ಲಿ ಅವನ ಪಕ್ಕ ಕೂತು ಜಗಳವಾಡುತ್ತಿದ್ದ ಪಾರಿವಾಳದವನೂ ಬಂದ. ಹಿಂದೆಯೇ ಇನ್ನೊಂದು ಪುಟ್ಟ ಕಾರು ಬಂದು ನಿಂತಿತು. ಕೀಪರನ ವ್ಯಾನು ಎಲ್ಲಿ ಹೋದರೂ ಹಿಂಬಾಲಿಸುವುದು ಟೀಚರ ನಿತ್ಯದ ಅಭ್ಯಾಸ.

ಹಿತ್ತಲಿಗೆ ಬಂದ ಕೀಪರ್ ಸುತ್ತಲೂ ನೋಡಿ, ಚಿಮಣಿಯ ಕಡೆ ಬೆರಳು ತೋರಿಸಿದ. "ಆ ಪ್ಲಾಸ್ಟಿಕ್ ಕಸಕ್ಕೆ ಕಾಗೆ ಹೆದರಲ್ಲ, ಅದಕ್ಕೆ ಬುದ್ಧಿ ಇದೆ. ಆದ್ರೆ ನೀವೆಲ್ಲಾ ಹೀಗೆ ಗೋಡೆ ದಿಟ್ಟಿಸ್ತಾ ನಿಂತ್ರೆ ಯಾವ ಕಾಗೆ ಬರುತ್ತೆ? ಆ ಕಡೆ ನೋಡಬಾರದು."

ಮೊದಲಿನ ಮಾತನ್ನು ಅತ್ತೆಗೆ ಹೇಳುವ ಧೈರ್ಯ ನನಗಾಗಲಿಲ್ಲ. ಎರಡನೆಯದನ್ನು ಹೇಳುವಷ್ಟರಲ್ಲಿ ಅವರ ಕಣ್ಣು ಪಂಜರದ ಮೇಲೆ ಬಿತ್ತು. ನಡುಗುತ್ತಿದ್ದವರು ಸರ್ರನೆ ಎದ್ದು ನಿಂತರು.

"ಶನಿವಾರದ ದಿನ ಶನಿದೇವರ ವಾಹನಾನ ಪಂಜರದಲ್ಲಿ ಹಾಕಿದ್ದೀಯಾ? ನಿನಗೇನು ಮನೆ ಮಠ ಇಲ್ವಾ? ಬಿಡು ಮೊದಲು!"

"ಏನಂತಿದ್ದಾರೆ?" ಎಂದ ಕೀಪರ್.

"ಹಕ್ಕಿ ಚೆನ್ನಾಗಿದೆ ಅಂತಿದ್ದಾರೆ" ಎಂದೆ.

ಆದರೆ ಅತ್ತೆ ಪಂಜರದ ಬಾಗಿಲಿಗೇ ಕೈ ಹಾಕಿದರು. ಟೀಚರಿಗೆ ಭಾಷಾಂತರ ಬೇಕಾಗಲಿಲ್ಲ. ಸಂತೋಷದಿಂದ ಕೂಗಿಕೊಂಡು ಅತ್ತೆಯ ಪಕ್ಕ ಬಂದು ನಿಂತರು. "ಈ ಹೆಂಗಸು ಹೇಳೋದು ನೂರಕ್ಕೆ ನೂರು ಸರಿ! ಡಾಕ್ಟರ್, ನೀವೂ ಇವನ ಕಡೆ ಸೇರ್ಕೊಂಡ್ರಾ? ನಿಮ್ಮ ಸಸ್ಯಾಹಾರ ಎಲ್ಲಿ ಹೋಯ್ತು?"

ಕೀಪರ್, "ಉಪಕಾರ ಮಾಡೋಕೆ ಬಂದವನಿಗೆ ಇದಾ?" ಎಂದು ಟೋಪಿ ಬಡಿದ. ಪಾರಿವಾಳದವನು, ಅಷ್ಟು ದೂರ ಬಂದು ಸುಮ್ಮನಿರಬಾರದೆಂದು, ಚಿಮಣಿಯ ಪ್ಲಾಸ್ಟಿಕ್ ಗಿಡುಗಕ್ಕೆ ಬೆರಳು ತೋರಿಸಿ ಬೈಯತೊಡಗಿದ. ತಮ್ಮ ಗರುಡನಿಗೆ ಬೆರಳು ತೋರಿಸಿದ್ದು ನೋಡಿ ಅತ್ತೆ ಅವನ ಮೇಲೂ ಹರಿಹಾಯ್ದರು. ಕೊಡೆ ಎದ್ದಿತು. ಪಂಜರದ ಕಾಗೆ ಗಂಟಲು ಹರಿಯುವಂತೆ ಕೂಗಿತು. ಪಂಚೆ ಬಿಚ್ಚಿಹೋಗದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಅಡ್ಡ ಹಿಡಿದು ನಡುವೆ ನಾನು. ಇಂಗ್ಲಿಷ್ ಒಂದು ಕಡೆ, ಮೈಸೂರು ಕನ್ನಡ ಒಂದು ಕಡೆ. ಗೋಡೆಯ ಕಡೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಆಗ ಅಡಿಗೆಮನೆ ಕಿಟಕಿಯಿಂದ ಮಗಳ ಕೂಗು ಕೇಳಿಸಿತು.

"ಅಜ್ಜೀ! ಕಾಗೆ ತಿಂತಾ ಇದೆ! ನೋಡಿ ಅಜ್ಜೀ, ಕಾಗೆ ತಿಂತಾ ಇದೆ!"

ಅವಳ ಬಾಯಲ್ಲಿ ಇಡೀ ಒಂದು ಕನ್ನಡ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲರೂ ತಿರುಗಿದೆವು. ಗೋಡೆಯ ಮೇಲೆ ಕುಳಿತಿತ್ತು, ದಪ್ಪಗೆ, ಕರ್ರಗೆ, ಬೇಲಿಯ ಆಚೆಯಿಂದ ತಾನಾಗಿ ಬಂದ ಕಾಗೆ. ಒಂದು ಕಾಲು ವಡೆಯ ಮೇಲೆ. ಒಂದು ತುತ್ತು ತಿನ್ನುವುದು, ಕತ್ತು ಓರೆ ಮಾಡಿ ನಮ್ಮನ್ನು ನೋಡುವುದು, ಮತ್ತೊಂದು ತುತ್ತು ತಿನ್ನುವುದು. ನಾವು ಜಗಳ ನಿಲ್ಲಿಸಿದ್ದು ಅದಕ್ಕೆ ಹಿಡಿಸಿದಂತೆ ಕಾಣಲಿಲ್ಲ. ಮುಂದುವರಿಸಿ ಎನ್ನುವಂತೆ ಒಮ್ಮೆ ಕೂಗಿತು.

ಅತ್ತೆ ಎರಡೂ ಕೈ ಜೋಡಿಸಿದರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಅವರೇ. ಅನುಮಾನವೇ ಇಲ್ಲ, ಅವರೇ. ಜಗಳ ಅಂದ್ರೆ ಎಲೆ ಬಿಟ್ಟು ಓಡ್ತಿದ್ರು. ಇವತ್ತು ಎಲೆ ಮುಂದೇನೇ ಜಗಳ ಸಿಕ್ಕಿತು" ಎಂದರು.

ಅದನ್ನು ಮೂವರಿಗೂ ಇಂಗ್ಲಿಷಿನಲ್ಲಿ ಹೇಳಿದೆ. ಪಾರಿವಾಳದವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಕೀಪರ್ ತಾನೇ ಪಂಜರದ ಬಾಗಿಲು ತೆರೆದ. ಅವನ ಕಾಗೆ ಹಾರಿ ಹೋಗಿ ಗೋಡೆಯ ಮೇಲೆ ಕೂತಿತು, ತಕ್ಷಣ ಮೊದಲಿನ ಕಾಗೆಯ ಜೊತೆ ಪಾಯಸಕ್ಕೆ ಜಗಳ ತೆಗೆಯಿತು. ಟೀಚರು ಕೊಡೆ ಮಡಿಸಿ ಮೂಗು ಸೀಟಿಕೊಂಡರು.

ಅತ್ತೆ ಅವರನ್ನು ಉಪವಾಸ ಕಳಿಸಲು ಒಪ್ಪಲಿಲ್ಲ. ಮೂವರಿಗೂ ಸಾಲಾಗಿ ಎಲೆ ಹಾಕಿಸಿ, ಎದುರು ತಾವೂ ಕೂತರು. ಮೊದಲ ವಡೆ ಮುಗಿಯುವವರೆಗೆ ಶಾಂತಿಯಿತ್ತು. ಎರಡನೆಯದಕ್ಕೆ, ಬಂದ ಕಾಗೆ ತನ್ನ ಪಂಜರದ ದೆಸೆಯಿಂದ ಬಂತು ಎಂದು ಕೀಪರನೂ, ಅದು ಸ್ವತಂತ್ರ ಹಕ್ಕಿ, ತನ್ನಿಷ್ಟದಿಂದ ಬಂತು ಎಂದು ಟೀಚರೂ ಶುರುಮಾಡಿದರು. ಪಾಯಸಕ್ಕೆ ಬರುವಷ್ಟರಲ್ಲಿ ಪಾರಿವಾಳದವನೂ ಸೇರಿ ದನಿ ತಾರಕಕ್ಕೇರಿತು.

ಅತ್ತೆ ಮೊಸರನ್ನ ಕಲಸುತ್ತಾ ಬಹಳ ದಿನಗಳ ಮೇಲೆ ಹೊಟ್ಟೆ ತುಂಬಾ ಉಂಡರು. ಕೈ ತೊಳೆಯಲು ಎದ್ದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಅಳಿಯಂದಿರೇ, ಮುಂದಿನ ವರ್ಷ ಪುರೋಹಿತರು ಫೋನಲ್ಲೂ ಸಿಗದಿದ್ರೆ ಚಿಂತೆಯಿಲ್ಲ. ಈ ಮೂರು ಜನರನ್ನ ಮಾತ್ರ ಮರೀದೆ ಕರೀರಿ. ಒಬ್ಬರ ಪಕ್ಕ ಒಬ್ಬರನ್ನೇ ಕೂರಿಸಿ."